ಮಳೆ, ಮೀನು, ಬಾವಿ: ಬೇರೆ ಬೇರೆ ಕಡತಗಳನ್ನು ಒಂದೇ ಗ್ರಾಫಿಗೆ ತರುವ ಪ್ರಶ್ನೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಬಗ್ಗೆ ಅಂಕಿಅಂಶಗಳಿಗೆ ಬರವಿಲ್ಲ. ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯ ಲೆಕ್ಕ ಇಟ್ಟಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯತಿ ಮಟ್ಟದ ಮಳೆಮಾಪಕಗಳಿಂದ ಹದಿನೈದು ನಿಮಿಷಕ್ಕೊಮ್ಮೆ ಸಂಖ್ಯೆ ಬರುತ್ತದೆ. ಗಂಗೊಳ್ಳಿಯ ಬಂದರಿಗೆ ಬಂದ ಮೀನನ್ನು ರಾಜ್ಯದ ಮೀನುಗಾರಿಕೆ ಇಲಾಖೆ ಎಣಿಸುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ತನ್ನದೇ ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡುತ್ತದೆ. ಬಾವಿಯ ನೀರಿನ ಮಟ್ಟ ಕೇಂದ್ರ ಅಂತರ್ಜಲ ಮಂಡಳಿಯ ಕಡತದಲ್ಲಿದೆ, ಜನರ ಲೆಕ್ಕ ಜನಗಣತಿಯಲ್ಲಿದೆ.

ಆದರೆ ಕರಾವಳಿಯವರು ಕೇಳುವ ಪ್ರಶ್ನೆಗಳು ಯಾವ ಒಂದು ಕಡತದೊಳಗೂ ಕೂರುವುದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಊರಲ್ಲಿ ಏಪ್ರಿಲ್ ಹೊತ್ತಿಗೆ ಬಾವಿ ತಳ ಕಾಣುವುದೇಕೆ? ಮುಂಗಾರು ಚೆನ್ನಾಗಿ ಹಿಡಿದ ವರ್ಷ ಬೂತಾಯಿ ಮೀನು ಹೆಚ್ಚು ಸಿಗುತ್ತದೆಯೇ? ಇಂಥವಕ್ಕೆ ಉತ್ತರ ಹುಡುಕಬೇಕಾದರೆ ಎರಡು ಕಚೇರಿಗಳ ಸಂಖ್ಯೆ ಒಂದೇ ಹಾಳೆಯ ಮೇಲೆ ಬರಬೇಕು. ಈಗ ಪೈಥಾನ್ ಅಥವಾ ಆರ್ ಬಲ್ಲ ಪದವಿ ವಿದ್ಯಾರ್ಥಿ ಹತ್ತು ಸಾಲಿನ ಕೋಡ್ ಬರೆದು ಅದನ್ನು ಮಾಡಿಬಿಡಬಹುದು. ಹಾಗೆ ಬಂದ ಚಿತ್ರವನ್ನು ಎಷ್ಟು ನಂಬಬೇಕು ಎಂಬ ಚರ್ಚೆಗೆ ಮಾತ್ರ ಇನ್ನೂರು ವರ್ಷ ದಾಟಿದೆ. ಆ ಚರ್ಚೆ ಬಹುಪಾಲು ಗೆರೆ ಎಳೆಯುವ ರೀತಿಯ ಸುತ್ತ ಸುತ್ತಿದೆ. ಈ ಮೂರು ತಾಲ್ಲೂಕುಗಳ ಮಟ್ಟಿಗೆ ಗೆರೆ ಎಳೆಯುವುದಕ್ಕಿಂತ ಮುಂಚಿನ ಕೆಲಸ, ಅಂದರೆ ಎರಡು ಪಟ್ಟಿಗಳನ್ನು ಜೋಡಿಸುವುದು, ಹೆಚ್ಚು ಅಪಾಯದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ಲೇಫೇರ್‌ನಿಂದ ಪಾಂಡಾಸ್‌ವರೆಗೆ

ಕಾಲದ ಗೆರೆಯ ಮೇಲೆ ಸಂಖ್ಯೆಗಳನ್ನು ಕೂರಿಸುವುದನ್ನು ರೂಢಿಗೆ ತಂದವನು ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. ಅವನ ವಾಣಿಜ್ಯ ಅಟ್ಲಾಸ್ ಬಂದದ್ದು 1786ರಲ್ಲಿ. ನಮ್ಮ ಪ್ರಶ್ನೆಗೆ ಅದಕ್ಕಿಂತ ಮುಖ್ಯವಾದದ್ದು 1821ರಲ್ಲಿ ಅವನು ಮಾಡಿದ ಇನ್ನೊಂದು ಚಿತ್ರ. ಗೋಧಿಯ ಬೆಲೆ ಕಂಬಗಳಾಗಿ, ಕುಶಲಕರ್ಮಿಯ ವಾರದ ಕೂಲಿ ಗೆರೆಯಾಗಿ, ಮೇಲೆ ಇಂಗ್ಲೆಂಡಿನ ಅರಸರ ಆಳ್ವಿಕೆ: ಮೂರು ಬಗೆಯ ಮಾಹಿತಿ, ಇನ್ನೂರೈವತ್ತು ವರ್ಷ, ಒಂದೇ ಹಾಳೆ. ಕೂಲಿಗೆ ಹೋಲಿಸಿದರೆ ಗೋಧಿ ಹಿಂದೆಂದೂ ಇಷ್ಟು ಅಗ್ಗ ಇರಲಿಲ್ಲ ಎಂಬುದು ಅವನ ವಾದ. ಆದರೆ ಆ ಅನುಪಾತವನ್ನು ಅವನು ಎಳೆಯಲೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು, ಭಾಗಾಕಾರವನ್ನು ನೋಡುವವರ ಕಣ್ಣಿಗೆ ಬಿಟ್ಟ. ಮುಂದಿನ ಎಲ್ಲ ತಕರಾರುಗಳ ಬೀಜ ಇಲ್ಲೇ ಇದೆ.

ಭಾರತದಲ್ಲಿ ಬೇರೆ ಬೇರೆ ಕಡತಗಳನ್ನು ದೊಡ್ಡ ಪ್ರಮಾಣದಲ್ಲಿ ಎದುರುಬದುರು ಇಟ್ಟವನು ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಅವನು ದೂರದೂರದ ವಾಯುಭಾರ, ನೈಲ್ ನದಿಯ ನೆರೆ, ನಮ್ಮ ಮುಂಗಾರು ಇವುಗಳ ನಡುವಿನ ಸಹಸಂಬಂಧವನ್ನು ಗುಮಾಸ್ತರಿಂದ ಕೈಯಲ್ಲೇ ಲೆಕ್ಕ ಹಾಕಿಸಿದ. ನೂರಾರು ಜೋಡಿಗಳನ್ನು ಪರೀಕ್ಷಿಸಿದರೆ ಬರೀ ಆಕಸ್ಮಿಕವಾಗಿಯೂ ಕೆಲವು ಹೊಂದಿಕೊಂಡು ಕಾಣುತ್ತವೆ, ಅತಿ ಚೆನ್ನಾಗಿ ಹೊಂದುವುದನ್ನೇ ಆರಿಸಿಕೊಂಡವನು ಮೋಸಹೋಗುತ್ತಾನೆ ಎಂದು 1914ರಷ್ಟು ಹಿಂದೆಯೇ ಎಚ್ಚರಿಸಿದವನೂ ಅವನೇ. 1926ರಲ್ಲಿ ಬ್ರಿಟನ್ನಿನ ಉಡ್ನಿ ಯೂಲ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿದ. ಚರ್ಚಿನಲ್ಲಿ ನಡೆದ ಮದುವೆಗಳ ಪಾಲು ಮತ್ತು ಮರಣ ಪ್ರಮಾಣ, ಎರಡೂ ದಶಕಗಳ ಕಾಲ ಒಟ್ಟೊಟ್ಟಿಗೆ ಇಳಿದಿದ್ದವು, ಸಹಸಂಬಂಧ 0.95. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಕಾಲದೊಂದಿಗೆ ಏರುವ ಅಥವಾ ಇಳಿಯುವ ಯಾವ ಎರಡು ಸರಣಿಗಳೂ ಹೀಗೆ ಜೊತೆಯಾಗಿ ಕಾಣಬಲ್ಲವು.

ಆಮೇಲಿನದು ಸಾಧನಗಳ ಕಥೆ. 1993ರಲ್ಲಿ ಆರ್, 2003ರಲ್ಲಿ ಪೈಥಾನಿನಲ್ಲಿ ಗ್ರಾಫ್ ಎಳೆಯಲು ಜಾನ್ ಹಂಟರ್‌ನ ಮ್ಯಾಟ್‌ಪ್ಲಾಟ್‌ಲಿಬ್, 2008ರಲ್ಲಿ ಪಟ್ಟಿಗಳನ್ನು ಜೋಡಿಸಲು ವೆಸ್ ಮೆಕಿನ್ನಿಯ ಪಾಂಡಾಸ್. ವಾಕರ್‌ನ ಗುಮಾಸ್ತರು ತಿಂಗಳುಗಟ್ಟಲೆ ಮಾಡುತ್ತಿದ್ದುದು ಈಗ ಚಹಾ ಆರುವುದರೊಳಗೆ ಮುಗಿಯುತ್ತದೆ. ವಾಕರ್‌ನ ಎಚ್ಚರಿಕೆ ಆ ಸಾಧನಗಳ ಜೊತೆ ತಾನಾಗಿ ಬರುವುದಿಲ್ಲ.

ಜಾಗದ ಕೀಲಿ

ಎರಡು ಪಟ್ಟಿ ಜೋಡಿಸಲು ಎರಡರಲ್ಲೂ ಇರುವ ಒಂದು ಕೀಲಿ ಬೇಕು. ಸಹಜವಾಗಿ ಮನಸ್ಸಿಗೆ ಬರುವುದು ತಾಲ್ಲೂಕು. ತೊಡಕು ಶುರುವಾಗುವುದೂ ಅಲ್ಲಿಂದಲೇ. ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಾದದ್ದು 2018ರಲ್ಲಿ. ಬೈಂದೂರು ಕುಂದಾಪುರದಿಂದ, ಬ್ರಹ್ಮಾವರ ಉಡುಪಿಯಿಂದ ಬೇರೆಯಾದವು. ಹಾಗಾಗಿ ‘ಕುಂದಾಪುರ ತಾಲ್ಲೂಕು’ ಎಂಬ ಒಂದೇ ಹೆಸರಿನ ಗೆರೆಯನ್ನು 2010ರಿಂದ 2024ರವರೆಗೆ ಎಳೆದರೆ, ನಡುವೆ ಅದು ಥಟ್ಟನೆ ಕುಸಿಯುತ್ತದೆ. ಬೆಳೆ ಕಡಿಮೆಯಾಗಿರುವುದಿಲ್ಲ, ಜನ ಊರು ಬಿಟ್ಟಿರುವುದಿಲ್ಲ, ಗಡಿ ಬದಲಾಗಿರುತ್ತದೆ.

ಹಿಂದಕ್ಕೆ ಹೋದಷ್ಟೂ ಇದು ಗೋಜಲು. ಉಡುಪಿ ಜಿಲ್ಲೆಯೇ 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟದ್ದು. 1956ಕ್ಕೆ ಮೊದಲು ಇದೆಲ್ಲ ಮದ್ರಾಸಿನ ಕಡತ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋದಾಗ ಕುಂದಾಪುರ ಮದ್ರಾಸಿನಲ್ಲೇ, ದಕ್ಷಿಣ ಕನ್ನಡದ ಜೊತೆ ಉಳಿಯಿತು. ಚುನಾವಣೆಯ ಅಂಕಿ ಸೇರಿಸಲು ಹೊರಟರೆ ಮತ್ತೊಂದು ನಕ್ಷೆ ಎದುರಾಗುತ್ತದೆ: ಬೈಂದೂರು ವಿಧಾನಸಭಾ ಕ್ಷೇತ್ರ ಉಡುಪಿ ಜಿಲ್ಲೆಯದು, ಆದರೆ ಲೋಕಸಭೆಗೆ ಶಿವಮೊಗ್ಗದ ಜೊತೆ ಓಟು ಹಾಕುತ್ತದೆ. ಬ್ರಹ್ಮಾವರ ತಾಲ್ಲೂಕಾಗುವ ಮುಂಚೆ ವಿಧಾನಸಭಾ ಕ್ಷೇತ್ರವಾಗಿತ್ತು. ಕ್ಷೇತ್ರ ಪುನರ್ವಿಂಗಡಣೆಯ ನಂತರ, 2008ರ ಚುನಾವಣೆಯಿಂದ ಆ ಕ್ಷೇತ್ರ ಇಲ್ಲ.

ಇದಕ್ಕೆ ಪರಿಹಾರ ಹೇಳುವವರು ಮೂರು ದಿಕ್ಕಿಗೆ ನಿಲ್ಲುತ್ತಾರೆ. ಹೊಸ ತಾಲ್ಲೂಕುಗಳನ್ನು ಮತ್ತೆ ಕೂಡಿಸಿ ಹಳೆಯ ಗಡಿಗೇ ಲೆಕ್ಕ ಮಾಡಿ ಎನ್ನುವವರು ಮೊದಲಿನವರು. ಸುರಕ್ಷಿತ ದಾರಿ, ಆದರೆ ಬೈಂದೂರಿನವರು ತಮ್ಮ ತಾಲ್ಲೂಕಿನ ಬಗ್ಗೆ ಕೇಳಿದರೆ ಉತ್ತರವಿಲ್ಲ. ಹಳೆಯ ಸಂಖ್ಯೆಯನ್ನು ವಿಸ್ತೀರ್ಣಕ್ಕೋ ಜನಸಂಖ್ಯೆಗೋ ತಕ್ಕಂತೆ ಹೊಸ ತಾಲ್ಲೂಕುಗಳಿಗೆ ಹಂಚಿ ಎನ್ನುವುದು ಎರಡನೆಯ ದಾರಿ. ಬೈಂದೂರಿನಂಥ ಕಡೆ, ಶಿರೂರಿನ ಕಡಲತೀರದಿಂದ ಕೊಲ್ಲೂರಿನ ಕಾಡಿನವರೆಗೆ ಹಬ್ಬಿರುವ ತಾಲ್ಲೂಕಿನಲ್ಲಿ, ವಿಸ್ತೀರ್ಣಕ್ಕೆ ತಕ್ಕಂತೆ ಜನರನ್ನು ಹಂಚಿದರೆ ಕಾಡಿನಲ್ಲೂ ಜನವಸತಿ ಮೂಡುತ್ತದೆ. ಮೂರನೆಯವರು ಗ್ರಾಮಮಟ್ಟಕ್ಕೆ ಇಳಿಯಿರಿ ಎನ್ನುತ್ತಾರೆ. 2011ರ ಜನಗಣತಿಯಲ್ಲಿ ಪ್ರತಿ ಗ್ರಾಮಕ್ಕೂ ಆರಂಕಿಯ ಸಂಕೇತ ಸಂಖ್ಯೆ ಇದೆ. ಗ್ರಾಮಗಳನ್ನು ಬೇಕಾದ ಗಡಿಯೊಳಗೆ ಕೂಡಿಸಿಕೊಳ್ಳಬಹುದು. ಶ್ರಮದ ಕೆಲಸವಾದರೂ ನನಗೆ ಇದೇ ಸರಿಯಾದ ದಾರಿ. ಹೆಸರಿನ ಕಾಟವೂ ತಪ್ಪುತ್ತದೆ: ಇಂಗ್ಲಿಷ್ ಕಡತಗಳಲ್ಲಿ ಕುಂದಾಪುರವೇ ಕೂಂಡಪೂರ್, ಕುಂದಾಪುರ್ ಎಂದೆಲ್ಲ ಬರುತ್ತದೆ, ಒಂದಕ್ಷರ ವ್ಯತ್ಯಾಸವಾದರೂ ಕಂಪ್ಯೂಟರಿಗೆ ಅದು ಬೇರೆ ಊರು.

ಮಳೆಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ, ಅಲ್ಲಿ ಚೌಕಗಳ ತಂಟೆ. ಹವಾಮಾನ ಇಲಾಖೆ 1901ರಿಂದೀಚಿನ ಮಳೆಯನ್ನು ಕಾಲು ಡಿಗ್ರಿಯ ಚೌಕಗಳಲ್ಲಿ ಕೊಡುತ್ತದೆ. ಒಂದು ಚೌಕ ಸುಮಾರು 27 ಕಿ.ಮೀ. ಅಗಲ. ಅಕ್ಷಾಂಶದಲ್ಲಿ ಚೌಕಗಳ ನಡುಬಿಂದು 13.5, 13.75, 14 ಹೀಗೆ ಸಾಗುತ್ತದೆ. ಕುಂದಾಪುರ ಪಟ್ಟಣ ಇರುವುದು ಸುಮಾರು 13.62–13.63ರಲ್ಲಿ, ಅಂದರೆ ಎರಡು ಚೌಕಗಳ ಗಡಿಯ ಮೇಲೇ. ‘ಹತ್ತಿರದ ಬಿಂದುವನ್ನು ಆರಿಸು’ ಎಂದು ಕೋಡಿಗೆ ಹೇಳಿದರೆ, ನಾವು ಕೊಟ್ಟ ದಶಮಾಂಶ ಸ್ಥಾನಕ್ಕೆ ತಕ್ಕಂತೆ ಕುಂದಾಪುರದ ಮಳೆ ಒಮ್ಮೆ ಬ್ರಹ್ಮಾವರದ ಕಡೆಯ ಚೌಕದ್ದು, ಒಮ್ಮೆ ಬೈಂದೂರಿನ ಕಡೆಯ ಚೌಕದ್ದು. ಕಡಲಂಚಿನ ಬೈಂದೂರು, ಘಟ್ಟದ ಬುಡದ ಕೊಲ್ಲೂರು ಒಂದೇ ಚೌಕಕ್ಕೆ ಬೀಳಬಹುದು. ಈ ಎರಡು ಊರಿನ ಮಳೆ ಒಂದೇ ಎಂದರೆ ಅಲ್ಲಿನ ಯಾವ ಕೃಷಿಕನೂ ಒಪ್ಪುವುದಿಲ್ಲ.

ಕಾಲದ ಕೀಲಿ

ಹವಾಮಾನ ಇಲಾಖೆಯ ‘ಜುಲೈ 12ರ ಮಳೆ’ ಎಂದರೆ 11ರ ಬೆಳಿಗ್ಗೆ 8.30ರಿಂದ 12ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. ಉಪಗ್ರಹದ ದಿನಲೆಕ್ಕ ಸಾಮಾನ್ಯವಾಗಿ ಗ್ರೀನಿಚ್ ಮಧ್ಯರಾತ್ರಿಯಿಂದ ಶುರು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5.30. ಅಷ್ಟೇ ಅಲ್ಲ, ಇಲಾಖೆ ಮಳೆಯನ್ನು ಮುಗಿದ ದಿನದ ಹೆಸರಿಗೆ ಬರೆಯುತ್ತದೆ, ಉಪಗ್ರಹದ ಪಟ್ಟಿ ಶುರುವಾದ ದಿನದ ಹೆಸರಿಗೆ. ಎರಡನ್ನೂ ದಿನಾಂಕದ ಮೇಲೆ ಜೋಡಿಸಿದರೆ ರಾತ್ರಿ ಸುರಿದ ಒಂದೇ ಮಳೆ ಎರಡು ದಿನ ಎರಡು ಶಿಖರವಾಗಿ ಕಾಣುತ್ತದೆ. ಮೀನಿನ ಕಡತದಲ್ಲಿ ಇದೇ ತೊಡಕು ವರ್ಷದ ಮಟ್ಟದಲ್ಲಿದೆ: ಸಿಎಂಎಫ್‌ಆರ್‌ಐ ಜನವರಿಯಿಂದ ಡಿಸೆಂಬರ್ ಎಣಿಸಿದರೆ ರಾಜ್ಯದ ಇಲಾಖೆಯದು ಏಪ್ರಿಲ್‌ನಿಂದ ಮಾರ್ಚ್.

ಬಾವಿಯ ಲೆಕ್ಕ ಇನ್ನೂ ವಿರಳ. ಅಂತರ್ಜಲ ಮಂಡಳಿ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ. ದಿನದ ಮಳೆಯ 365 ಕಂಬಗಳ ಎದುರು ನಾಲ್ಕೇ ಚುಕ್ಕೆ. ಆ ಚುಕ್ಕೆಗಳನ್ನು ಗೆರೆಯಿಂದ ಸೇರಿಸಿದ ಕೂಡಲೇ ಆಗಸ್ಟ್ ಮತ್ತು ನವೆಂಬರ್ ನಡುವೆ ನೀರು ಒಂದೇ ಸಮನೆ ಇಳಿಯಿತು ಎಂದು ಹೇಳಿದಂತಾಗುತ್ತದೆ. ಮುರಕಲ್ಲಿನ ನೆಲದಲ್ಲಿ ನೀರು ಎಷ್ಟು ಬೇಗ ಬಸಿದುಹೋಗುತ್ತದೆ ಎಂಬುದೇ ನಮ್ಮ ಪ್ರಶ್ನೆಯಾಗಿರುವಾಗ, ಉತ್ತರವನ್ನು ಗೆರೆಯೇ ಕಟ್ಟಿಕೊಟ್ಟುಬಿಟ್ಟಿತು. ಚುಕ್ಕೆಯಾಗಿಯೇ ಬಿಡುವುದು ಪ್ರಾಮಾಣಿಕ. ನೆಲದಿಂದ ನೀರಿಗಿರುವ ಆಳವನ್ನು ಅಳೆಯುವುದರಿಂದ ಸಂಖ್ಯೆ ದೊಡ್ಡದಾದಷ್ಟೂ ನೀರು ಕೆಳಗಿದೆ ಎಂದರ್ಥ. ಲಂಬಾಕ್ಷವನ್ನು ತಲೆಕೆಳಗು ಮಾಡದಿದ್ದರೆ ಬೇಸಿಗೆಯಲ್ಲಿ ಬಾವಿ ತುಂಬಿದಂತೆ ಕಾಣುತ್ತದೆ.

ಕಾಲದ ಅಕ್ಷವನ್ನು ತಿಂಗಳಿನಲ್ಲೇ ಭಾಗಿಸಬೇಕೆಂದೇನೂ ಇಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂದು ಮಳೆಯನ್ನು ನಕ್ಷತ್ರದ ಹೆಸರಿನಲ್ಲಿ ಎಣಿಸುವ ಊರುಗಳಿವು. ಪ್ರತಿ ಮಳೆನಕ್ಷತ್ರಕ್ಕೂ ಹದಿಮೂರು–ಹದಿನಾಲ್ಕು ದಿನ, ಸೂರ್ಯನ ಲೆಕ್ಕವಾದ್ದರಿಂದ ದಿನಾಂಕವೂ ವರ್ಷ ವರ್ಷ ಹೆಚ್ಚು ಕದಲುವುದಿಲ್ಲ. ದಿನದ ಮಳೆಯನ್ನು ಹಾಗೆ ಕೂಡಿಸುವುದು ಕೋಡಿಗೆ ಸುಲಭ, ಬ್ರಹ್ಮಾವರದ ಗದ್ದೆಯವರಿಗೆ ಓದಲೂ ಸುಲಭ.

ಗೆರೆ ಎಳೆಯುವವರ ಪಂಥಗಳು

ಎಡಕ್ಕೊಂದು, ಬಲಕ್ಕೊಂದು ಲಂಬಾಕ್ಷ ಇಡುವವರದು ದೊಡ್ಡ ಪಂಥ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಟ್ವಿನ್‌ಎಕ್ಸ್ ಎಂಬ ಒಂದೇ ಪದ ಇದಕ್ಕೆ ಸಾಕು. ಪತ್ರಿಕೆಗಳಿಗೂ ಎಂಜಿನಿಯರುಗಳಿಗೂ ಇದು ಪ್ರಿಯ. ಆಕ್ಷೇಪಣೆ ಹಳೆಯದು, ಗಟ್ಟಿಯಾದದ್ದು: ಎರಡು ಅಳತೆಗೋಲುಗಳನ್ನು ಬೇಕಾದಂತೆ ಹಿಗ್ಗಿಸಿ ಕುಗ್ಗಿಸಬಹುದು, ಆದ್ದರಿಂದ ಗೆರೆಗಳು ಎಲ್ಲಿ ಒಂದನ್ನೊಂದು ದಾಟುತ್ತವೆ ಎಂಬುದಕ್ಕೆ ಅರ್ಥವೇ ಇಲ್ಲ, ಆದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆರ್ ಭಾಷೆಯ ಜಿಜಿಪ್ಲಾಟ್2 ರೂಪಿಸಿದ ಹ್ಯಾಡ್ಲಿ ವಿಕಮ್ ಇದನ್ನು ಬಹುಕಾಲ ಒಳಗೆ ಬಿಡಲೇ ಇಲ್ಲ. 2016ರಲ್ಲಿ ಬಿಟ್ಟಾಗಲೂ ಎರಡನೆಯ ಅಕ್ಷ ಮೊದಲನೆಯದರ ನೇರ ಪರಿವರ್ತನೆಯಾಗಿರಬೇಕು ಎಂಬ ಷರತ್ತಿನ ಮೇಲೆ.

ಹಾಗೆಂದು ಈ ಪಂಥವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಜರ್ಮನಿಯ ವಾಲ್ಟರ್ ಮತ್ತು ಲೀತ್ 1960ರಿಂದ ಪ್ರಚಾರಕ್ಕೆ ತಂದ ಹವಾಗುಣ ಚಿತ್ರದಲ್ಲಿ ಉಷ್ಣತೆ ಒಂದು ಅಕ್ಷ, ಮಳೆ ಇನ್ನೊಂದು. ಅನುಪಾತ ಕಟ್ಟಿಟ್ಟದ್ದು, 10 ಡಿಗ್ರಿಗೆ 20 ಮಿ.ಮೀ. ಮಳೆಯ ಗೆರೆ ಉಷ್ಣತೆಯ ಗೆರೆಗಿಂತ ಕೆಳಗಿಳಿದ ತಿಂಗಳು ಒಣ ತಿಂಗಳು. ಅಲ್ಲಿ ಗೆರೆ ದಾಟುವುದಕ್ಕೆ ಅರ್ಥ ಇದೆ, ಏಕೆಂದರೆ ಅಳತೆಗೋಲನ್ನು ಮೊದಲೇ ಕಾರಣಸಹಿತ ನಿಗದಿ ಮಾಡಲಾಗಿದೆ. 100 ಮಿ.ಮೀ. ದಾಟಿದ ಮಳೆಯನ್ನು ಆ ಚಿತ್ರ ಹತ್ತನೆಯ ಒಂದಕ್ಕೆ ಕುಗ್ಗಿಸುತ್ತದೆ. ಜುಲೈ ಒಂದರಲ್ಲೇ ಸಾವಿರ ಮಿ.ಮೀ. ಕಾಣುವ ನಮ್ಮ ಕರಾವಳಿಗೆ ಅದಿಲ್ಲದೆ ಹಾಳೆ ಸಾಲದು. ಕುಂದಾಪುರದ ಚಿತ್ರ ಹೀಗೆ ಬರೆದರೆ, ಮಳೆಗಾಲದ ಗೋಪುರದ ಪಕ್ಕದಲ್ಲೇ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣಗಾಲ ನಿಚ್ಚಳವಾಗಿ ಕಾಣುತ್ತದೆ. ಬಾವಿಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಎರಡನೆಯ ಪಂಥದವರು ಎಲ್ಲವನ್ನೂ ಒಂದೇ ಅಳತೆಗೋಲಿಗೆ ತರುತ್ತಾರೆ: ಆಧಾರ ವರ್ಷವನ್ನು 100 ಎಂದಿಡುವುದು, ಅಥವಾ ವಾಡಿಕೆಯಿಂದ ಎಷ್ಟು ಶೇಕಡಾ ವ್ಯತ್ಯಾಸ ಎನ್ನುವುದು. ಇಲ್ಲಿ ಎಲ್ಲ ಭಾರ ಆಧಾರ ವರ್ಷದ ಮೇಲೆ. ಬೂತಾಯಿ ದಾಖಲೆ ಮಟ್ಟಕ್ಕೆ ಏರಿದ 2012ರ ಸುಮಾರನ್ನು 100 ಎಂದಿಟ್ಟರೆ ನಂತರದ್ದೆಲ್ಲ ಸರ್ವನಾಶ. ಕುಸಿತದ ವರ್ಷವನ್ನು ಆಧಾರ ಮಾಡಿದರೆ ಅದೇ ಅಂಕಿ ಚೇತರಿಕೆಯ ಕಥೆ. ಮಳೆಯ ವಾಡಿಕೆಯೂ ಸ್ಥಿರವಲ್ಲ. ದೇಶದ ಮುಂಗಾರಿನ ಸರಾಸರಿ 1961–2010ರ ಲೆಕ್ಕದಲ್ಲಿ 88 ಸೆಂ.ಮೀ. ಇದ್ದದ್ದು 1971–2020ರ ಲೆಕ್ಕದಲ್ಲಿ 87.

ಅಂಕಣಗಳನ್ನು ಒಂದರ ಕೆಳಗೊಂದು ಇಟ್ಟು ಕಾಲದ ಅಕ್ಷ ಮಾತ್ರ ಹಂಚಿಕೊಳ್ಳಿ ಎನ್ನುವುದು ಮೂರನೆಯ ಪಂಥ. ಎಡ್ವರ್ಡ್ ಟಫ್ಟಿಯ 1983ರ ಪುಸ್ತಕದಿಂದ ಇದಕ್ಕೆ ಬಲ ಬಂತು. ಮೇಲೆ ಮಳೆ, ನಡುವೆ ಬಾವಿ, ಕೆಳಗೆ ಮೀನು. ಗೆರೆಗಳು ಒಂದನ್ನೊಂದು ದಾಟುವ ಮಾತೇ ಇಲ್ಲ. ಒಂದು ಗ್ರಾಫ್ ಎಂದರೆ ಒಂದೇ ಚೌಕಟ್ಟು ಎಂದು ಹಟ ಹಿಡಿಯುವವರಿಗೆ ಇದು ಮೋಸ ಎನಿಸಬಹುದು. ಸಾಮಾನ್ಯ ಓದುಗರಿಗಾಗಿ ಬರೆಯುವಾಗ ನಾನು ಇದನ್ನೇ ಆರಿಸುತ್ತೇನೆ.

ಕಾಲವನ್ನೇ ಕೈಬಿಟ್ಟು, ಮಳೆಯನ್ನು ಅಡ್ಡಕ್ಕೂ ಮೀನನ್ನು ಲಂಬಕ್ಕೂ ಹಿಡಿದು ವರ್ಷಕ್ಕೊಂದು ಚುಕ್ಕೆ ಇಡುವವರೂ ಇದ್ದಾರೆ. ಸಂಬಂಧ ಇದೆಯೇ ಎಂಬ ಪ್ರಶ್ನೆಗೆ ಇದು ನೇರ ಉತ್ತರ, ಆದರೆ ಯಾವುದು ಮೊದಲು ಯಾವುದು ಆಮೇಲೆ ಎಂಬುದು ಕಣ್ಮರೆಯಾಗುತ್ತದೆ.

ಬೂತಾಯಿ ಹೇಳುವ ಪಾಠ

ಈ ವಾದಗಳೆಲ್ಲ ಒಟ್ಟಿಗೆ ಪರೀಕ್ಷೆಗೊಳಗಾಗುವುದು ಮಳೆ ಮತ್ತು ಬೂತಾಯಿಯ ವಿಷಯದಲ್ಲಿ. ಮುಂಗಾರಿನ ತಿಂಗಳುಗಳಲ್ಲಿ ಮೊಟ್ಟೆಯಿಡುವ ಈ ಮೀನಿನ ಏರಿಳಿತಕ್ಕೂ ಆ ದಿನಗಳ ಮಳೆಗೂ ನಂಟಿದೆ ಎಂದು ಸಿಎಂಎಫ್‌ಆರ್‌ಐನ ಬಿ.ಟಿ. ಆಂಟನಿ ರಾಜಾ 1969ರ ಸುಮಾರಿಗೇ ವಾದಿಸಿದ್ದರು. 1990ರಲ್ಲಿ ಲಾಂಗ್‌ಹರ್ಸ್ಟ್ ಮತ್ತು ವೂಸ್ಟರ್ ಬೇರೆ ಕಡತ ತೆರೆದರು: ಕೊಚ್ಚಿಯಲ್ಲಿ ಅಳೆದ ಸಮುದ್ರಮಟ್ಟ. ತಳದ ತಣ್ಣೀರು ಮೇಲೇಳುವ ಕ್ರಿಯೆಗೆ ಅದನ್ನು ಗುರುತಾಗಿಟ್ಟುಕೊಂಡು ಬೂತಾಯಿಯ ಎದುರು ಇಟ್ಟರು. ಮಳೆ, ಸಮುದ್ರಮಟ್ಟ ಎರಡೂ ಅದೇ ಮುಂಗಾರಿನ ಮಕ್ಕಳಾದ್ದರಿಂದ ಗ್ರಾಫಿನಲ್ಲಿ ಎರಡೂ ಹೊಂದಿಕೊಳ್ಳಬಲ್ಲವು. ಯಾವುದು ಕಾರಣ ಎಂಬುದು ಗ್ರಾಫಿನಿಂದ ತಿಳಿಯುವುದಿಲ್ಲ.

ಇನ್ನು ತಿಂಗಳುವಾರು ನೋಡೋಣ. 2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಳೆ ಅತಿ ಹೆಚ್ಚು ಬೀಳುವ ಎರಡು ತಿಂಗಳೂ ಇವೇ. ಮೀನಿನ ಪಟ್ಟಿಯಲ್ಲಿ ಜೂನ್, ಜುಲೈ ಸಾಲುಗಳೇ ಇಲ್ಲ ಎಂದಿಟ್ಟುಕೊಳ್ಳಿ. ಪಾಂಡಾಸ್‌ನ ಮರ್ಜ್ ಆಜ್ಞೆ, ನಾವು ಬೇರೆ ಹೇಳದಿದ್ದರೆ, ಎರಡೂ ಕಡೆ ಇರುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಜೂನ್, ಜುಲೈನ ಮಳೆಯೂ ಸದ್ದಿಲ್ಲದೆ ಹೊರಬೀಳುತ್ತದೆ. ಮೇ ತಿಂಗಳಿನಿಂದ ಆಗಸ್ಟಿಗೆ ನೇರ ಗೆರೆ, ಕುಂದಾಪುರದ ಗ್ರಾಫಿನಲ್ಲಿ ಮಳೆಗಾಲದ ತುದಿಯೇ ಇಲ್ಲ. ಖಾಲಿ ಜಾಗಕ್ಕೆ ಸೊನ್ನೆ ತುಂಬಿದರೆ, ಮಳೆ ಏರಿದ ಕೂಡಲೇ ಮೀನು ಮಾಯವಾದಂತೆ ಕಾಣುತ್ತದೆ. ನಿಲ್ಲುವುದು ದೊಡ್ಡ ಬೋಟುಗಳು, ಮೀನಲ್ಲ. ನಾಡದೋಣಿಯವರು ಮಳೆಗಾಲದಲ್ಲೂ ಕಡಲಿಗಿಳಿಯುತ್ತಾರೆ, ಆದ್ದರಿಂದ ಸೊನ್ನೆ ಎಂಬುದೇ ಸುಳ್ಳು. ಮೂರನೆಯ ದಾರಿ, ಎರಡೂ ಪಟ್ಟಿಯ ಎಲ್ಲ ಸಾಲು ಉಳಿಸಿ ಇಲ್ಲದ್ದನ್ನು ‘ಇಲ್ಲ’ ಎಂದೇ ಬಿಡುವುದು. ಆಗ ಮ್ಯಾಟ್‌ಪ್ಲಾಟ್‌ಲಿಬ್ ಗೆರೆಯನ್ನು ಅಲ್ಲಿ ಕಡಿಯುತ್ತದೆ. ಆ ಕಡಿದ ಜಾಗಕ್ಕೆ ತೆಳು ಬಣ್ಣ ಹಾಕಿ ‘ನಿಷೇಧದ ಅವಧಿ’ ಎಂದು ಬರೆದರೆ ಓದುಗರಿಗೆ ನಿಜ ತಿಳಿಯುತ್ತದೆ. ಅವೇ ಅಂಕಿಗಳಿಂದ, ಕೋಡಿನ ಒಂದೊಂದು ಸಾಲಿನ ವ್ಯತ್ಯಾಸದಲ್ಲಿ, ಮೂರು ಕಥೆಗಳು.

ಕೋಡ್ ಬರೆಯುವುದರ ದೊಡ್ಡ ಉಪಕಾರ ಇಲ್ಲಿದೆ. ಸೊನ್ನೆ ತುಂಬಿದ್ದು ಯಾರು, ಸಾಲು ಬಿಟ್ಟದ್ದು ಎಲ್ಲಿ ಎಂಬುದು ಬರಹದಲ್ಲೇ ಉಳಿಯುತ್ತದೆ. ಗ್ರಾಫನ್ನು ಪ್ರಶ್ನಿಸುವವರು ಆ ಸಾಲನ್ನು ತೋರಿಸಿ ಕೇಳಬಹುದು. ಅದಕ್ಕಾಗಿ ಗ್ರಾಫ್ ಪ್ರಕಟಿಸುವವರು ಕೋಡನ್ನೂ ಪ್ರಕಟಿಸಬೇಕು. ಸಾರ್ವಜನಿಕ ಹಣದಲ್ಲಿ ಕಲೆಹಾಕಿದ ಅಂಕಿಗಳ ವಿಷಯದಲ್ಲಂತೂ ಇದು ಐಚ್ಛಿಕವಾಗಿರಬಾರದು.

ಇನ್ನೂ ಬಗೆಹರಿಯದ್ದು

ಬಂದರಿಗೆ ಬಂದ ಮೀನು ಎಂದರೆ ಕಡಲಲ್ಲಿರುವ ಮೀನಲ್ಲ. ಬೋಟುಗಳ ಸಂಖ್ಯೆ, ಬಲೆಯ ಬಗೆ, ಕಡಲಿನಲ್ಲಿ ಕಳೆದ ಗಂಟೆ ಬದಲಾದರೂ ಗೆರೆ ಬದಲಾಗುತ್ತದೆ. 1970ರ ದಶಕದ ಕೊನೆಯಲ್ಲಿ ದಡಕ್ಕೆ ಎಳೆಯುವ ರಾಂಪಣಿ ಬಲೆಯ ಜಾಗಕ್ಕೆ ಬೋಟಿನಿಂದ ಬೀಸುವ ಪರ್ಸೀನ್ ಬಲೆ ಬಂದಾಗ ಕರ್ನಾಟಕದ ಅಂಕಿಗಳು ಹಾಗೇ ಬದಲಾದವು. ಬೋಟು, ಗಂಟೆಗಳಲ್ಲಿ ಅಳೆಯುವ ಈ ಶ್ರಮದಿಂದ ಭಾಗಿಸಿದ ಮೀನನ್ನು ಎಳೆಯಬೇಕೋ, ಶ್ರಮವನ್ನೇ ಇನ್ನೊಂದು ಅಂಕಣವಾಗಿ ತೋರಿಸಬೇಕೋ ಎಂಬಲ್ಲಿ ಒಮ್ಮತವಿಲ್ಲ.

ಮಳೆಗೂ ಮೀನಿಗೂ ನಡುವೆ ಎಷ್ಟು ತಿಂಗಳ ಅಂತರ ಕೊಡಬೇಕು ಎಂಬುದೂ ತೆರೆದೇ ಇದೆ. ಜೂನ್–ಆಗಸ್ಟಿನಲ್ಲಿ ಹುಟ್ಟಿದ ಮರಿ ಬಲೆಗೆ ಬೀಳುವುದು ಮಳೆಗಾಲ ಕಳೆದ ಮೇಲೆ; ಆದರೆ ಎಲ್ಲ ಅಂತರಗಳನ್ನೂ ಪರೀಕ್ಷಿಸಿ ಚೆನ್ನಾಗಿ ಹೊಂದಿದ್ದನ್ನು ಆರಿಸಿದರೆ ವಾಕರ್ 1914ರಲ್ಲಿ ಹೇಳಿದ ಬಲೆಗೆ ನಾವೇ ಬೀಳುತ್ತೇವೆ. ಅಂತರವನ್ನು ಜೀವಶಾಸ್ತ್ರದಿಂದ ಮೊದಲೇ ನಿಗದಿ ಮಾಡಬೇಕೆನ್ನುವವರೂ ಅಂಕಿಗಳಿಂದಲೇ ಕಲಿಯಬೇಕೆನ್ನುವವರೂ ಇನ್ನೂ ಒಪ್ಪಂದಕ್ಕೆ ಬಂದಿಲ್ಲ.

ತಾಲ್ಲೂಕಿನ ಪ್ರಶ್ನೆಗೂ ಮುಂದಿನ ಜನಗಣತಿ ಹೊಸ ರೂಪ ಕೊಡಲಿದೆ. 2021ರದು ಮುಂದೆ ಹೋದದ್ದರಿಂದ, 2027ರ ಗಣತಿಯೇ ಬೈಂದೂರು ಮತ್ತು ಬ್ರಹ್ಮಾವರಗಳನ್ನು ತಾಲ್ಲೂಕುಗಳೆಂದು ಎಣಿಸುವ ಮೊದಲನೆಯದಾಗುತ್ತದೆ. ಅಲ್ಲಿಂದ ಮುಂದಿನ ಗೆರೆ ಸಲೀಸು. ಹಿಂದಿನ ಗೆರೆಯನ್ನು ಗ್ರಾಮ ಗ್ರಾಮವಾಗಿ ಮತ್ತೆ ಕಟ್ಟಿ, ಸಂಕೇತ ಸಂಖ್ಯೆಗಳ ಪಟ್ಟಿಯನ್ನು ಎಲ್ಲರ ಕೈಗೆ ಸಿಗುವಂತೆ ಇಡುವ ಹೊಣೆ ಜನಗಣತಿಯದೋ, ಜಿಲ್ಲಾಡಳಿತದ್ದೋ, ಇಲ್ಲಿನ ಕಾಲೇಜುಗಳದ್ದೋ ಎಂಬುದು ಇನ್ನೂ ತೀರ್ಮಾನವಾಗಬೇಕಾಗಿದೆ.